ಕಾರಿಗೆ ವಯಸ್ಸಾಯ್ತು, ಮಾರಿಬಿಡಿ ಸಾರ್!

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಕುಮಟೆಯಲ್ಲಿ ಬಿ.ಕಾಂ. ಮುಗಿಸಿ, ಬ್ಯಾಂಕಿನ ಪರೀಕ್ಷೆ ಬರೆದು, ಮುಂಬೈಗೆ ಬಂದು ಬಿದ್ದವನು. ಮೂವತ್ತು ಚಿಲ್ಲರೆ ವರ್ಷವಾಯ್ತು. ಡೆಬಿಟ್ಟು ಕ್ರೆಡಿಟ್ಟು ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲ. ಆದರೂ ಇವತ್ತು ಕಾರಿನ ಬಗ್ಗೆ ಬರೆಯಲಿಕ್ಕೆ ಕೂತಿದ್ದೇನೆ. ಯಾಕೆಂದರೆ ಹೊಟ್ಟೆ ಉರಿದಿದೆ. 19,250 ರೂಪಾಯಿ ಹೋಯಿತಲ್ಲ ಅಂತ ಮಾತ್ರ ಅಲ್ಲ, ಆ ಕಥೆ ಆಮೇಲೆ ಹೇಳುತ್ತೇನೆ.

ನನ್ನದು 2011ರ ಜನವರಿಯಲ್ಲಿ ರಿಜಿಸ್ಟರ್ ಆದ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, ಎಂಪಿಎಫ್‌ಐ ಎಂಜಿನ್. ಕಂಪನಿ ಹೆಸರು ಬೇಡ ಬಿಡಿ, ಇದರಲ್ಲಿ ಕಾರಿನ ತಪ್ಪೇನೂ ಇಲ್ಲ. ಮೀಟರ್ 1,12,000 ಕಿಲೋಮೀಟರ್ ತೋರಿಸುತ್ತದೆ. ಅದರಲ್ಲಿ ಅರ್ಧದ ಮೇಲೆ ಊರಿನ ದಾರಿಯದ್ದೇ. ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆ ಮುಟ್ಟಿದರೆ ಆಯಿಗೆ ಅರ್ಧ ಕಾಯಿಲೆ ಅಲ್ಲೇ ವಾಸಿ. ಎಂಬತ್ತೆರಡು ವರ್ಷದ ಆಯಿಗೆ ಬಸ್ಸು ಆಗುವುದಿಲ್ಲ, ರೈಲಿನ ಮೇಲಿನ ಮೆಟ್ಟಿಲೂ ಹತ್ತಲಾಗುವುದಿಲ್ಲ. ಈ ಕಾರಿನ ಮುಂದಿನ ಸೀಟೊಂದೇ ಅವಳಿಗೆ ಒಗ್ಗಿದ್ದು. ಹಾಗಾಗಿ ನಮ್ಮ ಮನೆಯಲ್ಲಿ ಇದು ಬರೀ ವಾಹನವಲ್ಲ, ಊರಿಗೆ ಇರುವ ಕೊಂಡಿ.

2025ರ ಫೆಬ್ರವರಿಯಲ್ಲಿ ಶುರುವಾಯಿತು ಕಿರಿಕಿರಿ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಘರ್‌ಘರ್ ಅನ್ನುತ್ತದೆ, ಹತ್ತುವುದಿಲ್ಲ. ಮೂರು ಸಲ, ನಾಲ್ಕು ಸಲ. ಕೊನೆಗೆ ಹತ್ತಿದರೂ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತದೆ. ಸಿಗ್ನಲ್‌ನಲ್ಲಿ ನಿಂತರೆ ಸ್ಟೇರಿಂಗ್ ಕೂಡ ನಡುಗುತ್ತದೆ, ಒಮ್ಮೊಮ್ಮೆ ಬಂದ್. ಪಾರ್ಕಿಂಗ್‌ನಲ್ಲಿ ಪೆಟ್ರೋಲ್ ವಾಸನೆ. ಲೀಟರಿಗೆ 15 ಕೊಡುತ್ತಿದ್ದ ಆವರೇಜ್ 11ಕ್ಕೆ ಇಳಿಯಿತು. ವಿಚಿತ್ರ ಏನೆಂದರೆ ಹೈವೇಯಲ್ಲಿ 80ರಲ್ಲಿ ಹೋಗುವಾಗ ಏನೂ ತೊಂದರೆ ಇಲ್ಲ, ಬೆಣ್ಣೆ! ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಇಡೀ ಕಥೆಯ ಬೀಗದ ಕೈ ಅದೇ. ಆದರೆ ಆರು ತಿಂಗಳ ತನಕ ಯಾರೂ ಅದನ್ನು ಕೇಳಲೇ ಇಲ್ಲ.

ಆಮೇಲೆ ಎಂಜಿನ್ ಚಿತ್ರದ ಹಳದಿ ದೀಪವೂ ಬಂತು.

ಮೊದಲ ಗ್ಯಾರೇಜ್. ಹುಡುಗ ಒಂದು ಸ್ಕ್ಯಾನರ್ ತಂದು ಸಿಕ್ಕಿಸಿದ. ಅರ್ಧ ನಿಮಿಷದಲ್ಲಿ ತೀರ್ಪು. "ಪಿ0172 ಬಂದಿದೆ ಸಾರ್, ಆಕ್ಸಿಜನ್ ಸೆನ್ಸರ್ ಹೋಗಿದೆ." ಸೆನ್ಸರ್ 3,400, ಪ್ಲಗ್ 800, ಪ್ಲಗ್ ವೈರ್ 1,400, ಮಜೂರಿ 900. ಒಟ್ಟು 6,500. ಎರಡು ವಾರ ಕಾರು ಚೆನ್ನಾಗಿಯೇ ಓಡಿತು. ನಾನೂ ಖುಷಿಯಾಗಿ ಅವನಿಗೆ ಫೋನ್ ಮಾಡಿ ಹೇಳಿದೆ. ಮೂರನೇ ವಾರ ಮತ್ತೆ ಅದೇ ರಾಗ.

ಎರಡನೆಯದು ಹವಾನಿಯಂತ್ರಿತ ವರ್ಕ್‌ಶಾಪು. ಕಾಫಿ ಮಷೀನು, ಟೈ ಕಟ್ಟಿದ ಅಡ್ವೈಸರು. ಇಂಜೆಕ್ಟರ್ ಕ್ಲೀನಿಂಗ್ 2,200, ಥ್ರಾಟಲ್ ಬಾಡಿ ಕ್ಲೀನಿಂಗ್ 1,100, ಪೆಟ್ರೋಲ್ ಪಂಪ್ ಅಸೆಂಬ್ಲಿ 7,600, ಮಜೂರಿ 1,850. ಒಟ್ಟು 12,750. ಮತ್ತೆ ಪ್ಲಗ್ ಒರೆಸಿ ಹಾಕಿದರು, ಮತ್ತೆ ಎರಡು ವಾರ ಆರಾಮ, ಮತ್ತೆ ನಡುಕ. ವಾಪಸ್ ಹೋದಾಗ ಅಡ್ವೈಸರ್ ಸಾಹೇಬರು ನನ್ನ ಭುಜ ಮುಟ್ಟಿ, ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು. "ಇನ್ನು ಇಸಿಎಂ ಬದಲಿಸಬೇಕು ಸಾರ್, 24,000 ಆಗುತ್ತದೆ. ಅಷ್ಟು ಹಾಕುವುದಕ್ಕಿಂತ... ಕಾರಿಗೆ ವಯಸ್ಸಾಯ್ತು, ಮಾರಿಬಿಡಿ ಸಾರ್. ನಮ್ಮಲ್ಲೇ ಎಕ್ಸ್‌ಚೇಂಜ್ ಇದೆ."

ಇಸಿಎಂ ಅಂದರೆ ಎಂಜಿನ್ನಿನ ಕಂಪ್ಯೂಟರು. ಅದು ಕೆಟ್ಟಿದೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಉಳಿದದ್ದೆಲ್ಲ ಬದಲಿಸಿ ಆಯಿತಲ್ಲ ಸಾರ್" ಅಂದರು.

ಸ್ವಾಮಿ, ನನ್ನ ಜಗಳ ಈ ಒಂದು ವಾಕ್ಯದ ಜೊತೆ. ಇದು ರೋಗ ಪತ್ತೆ ಮಾಡುವ ರೀತಿಯೇ? ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ಬ್ಯಾಂಕಿನಲ್ಲಿ ಏನು ಮಾಡುತ್ತೇವೆ? ವ್ಯತ್ಯಾಸ ಎಷ್ಟು, ಯಾವ ಕಡೆ, ಯಾವ ದಿನದಿಂದ ಅಂತ ನೋಡುತ್ತೇವೆ. ಒಂದೊಂದೇ ಎಂಟ್ರಿ ಟಿಕ್ ಹಾಕುತ್ತ ಹೋಗುತ್ತೇವೆ. ಅದು ಬಿಟ್ಟು, "ಮೊದಲು ಕ್ಯಾಷಿಯರ್‌ನ ಬದಲಿಸೋಣ, ತಾಳೆಯಾಗದಿದ್ದರೆ ಕ್ಲಾರ್ಕು, ಆಗಲೂ ಆಗದಿದ್ದರೆ ಬ್ರಾಂಚನ್ನೇ ಮಾರೋಣ" ಅಂದರೆ ಮಾರನೇ ದಿನ ನಾವು ಮನೆಯಲ್ಲಿರುತ್ತೇವೆ. ಗ್ಯಾರೇಜಿನಲ್ಲಿ ಮಾತ್ರ ಇದೇ ಪದ್ಧತಿಗೆ ಸರ್ವಿಸ್ ಅಂತ ಹೆಸರು.

ಕೋಡ್ ಅಂದರೆ ಏನು ಅಂತ ಮೊದಲು ತಿಳಿಯೋಣ. ಪಿ0172 ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ ಅಂತ. ಅಷ್ಟೇ. ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಅಂತ ಅದು ಎಲ್ಲೂ ಹೇಳುವುದಿಲ್ಲ. ಹೊಗೆ ಹೋಗುವ ಪೈಪಿನಲ್ಲಿ ಕೂತು ಉಳಿದ ಆಮ್ಲಜನಕವನ್ನು ಅಳೆದು, "ಯಜಮಾನರೇ, ಪೆಟ್ರೋಲ್ ಜಾಸ್ತಿ ಬರ್ತಾ ಇದೆ" ಅಂತ ಕಂಪ್ಯೂಟರಿಗೆ ವರದಿ ಕೊಟ್ಟದ್ದೇ ಆ ಸೆನ್ಸರ್. ಕಳ್ಳತನ ಆಗ್ತಿದೆ ಅಂತ ಕೂಗಿದ ಗೂರ್ಖನನ್ನೇ ಕೆಲಸದಿಂದ ತೆಗೆದು ಹೊಸ ಗೂರ್ಖನನ್ನು ಇಟ್ಟ ಹಾಗಾಯಿತು. ಹೊಸಬನೂ ಅದನ್ನೇ ಕೂಗಿದ, ಅಷ್ಟೇ. ಕೋಡ್ ಒಂದು ದೂರು, ತೀರ್ಪು ಅಲ್ಲ.

ಮತ್ತೆ ಎರಡು ವಾರ ಸರಿಯಾಗಿತ್ತಲ್ಲ, ಅದು ಹೇಗೆ? ಪೆಟ್ರೋಲ್ ಹೆಚ್ಚಾದರೆ ಪ್ಲಗ್ಗಿನ ತುದಿಗೆ ಮಸಿ ಹಿಡಿಯುತ್ತದೆ, ಕಿಡಿ ಸರಿಯಾಗಿ ಬೀಳುವುದಿಲ್ಲ, ಬೆಳಿಗ್ಗೆ ಎಂಜಿನ್ ಹತ್ತುವುದಿಲ್ಲ. ಹೊಸ ಪ್ಲಗ್ ಹಾಕಿದರೆ, ಇಲ್ಲವೇ ಹಳೆಯದನ್ನೇ ಒರೆಸಿ ಹಾಕಿದರೆ, ಮತ್ತೆ ಮಸಿ ಹಿಡಿಯುವ ತನಕ ಚೆನ್ನಾಗಿರುತ್ತದೆ. ಬ್ಯಾಂಕಿನವರಿಗೆ ಇದು ಹೊಸದಲ್ಲ. ಹಳೆ ಸಾಲ ತೀರಿಸಲು ಹೊಸ ಸಾಲ ಕೊಟ್ಟರೆ ಖಾತೆ ನೋಡಲಿಕ್ಕೆ ಹಸಿರಾಗಿಯೇ ಇರುತ್ತದೆ. ಎವರ್‌ಗ್ರೀನಿಂಗ್ ಅನ್ನುತ್ತೇವೆ, ಮಾಡಿದವರಿಗೆ ನೋಟೀಸೂ ಬರುತ್ತದೆ. ಗ್ಯಾರೇಜಿನವರಿಗೆ ಬರುವುದು ನಮ್ಮ ಫೋನು, ಥ್ಯಾಂಕ್ಯೂ ಹೇಳಲಿಕ್ಕೆ!

ಈ ನಡುವೆ ನೆರೆಮನೆಯ ಮಹಾಶಯರು, ಆಫೀಸಿನ ಗೆಳೆಯರು, ವಾಚ್‌ಮನ್ ಸೇರಿ ಎಲ್ಲರದ್ದೂ ಒಂದೇ ಮಾತು: "ಎಲ್ಲಾ ಈ ಇ20 ಪೆಟ್ರೋಲಿನದ್ದೇ ಕರಾಮತ್ತು." ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್ ಹಳೆ ಕಾರಿಗೆ ಒಳ್ಳೆಯದಲ್ಲ ಅನ್ನುವುದರಲ್ಲಿ ಹುರುಳಿಲ್ಲದೆ ಇಲ್ಲ. ಆ ಕಾಲದ ರಬ್ಬರ್ ಭಾಗಗಳು ಅದಕ್ಕಾಗಿ ಮಾಡಿದ್ದಲ್ಲ, ಎಥನಾಲ್ ನೀರನ್ನು ಹೀರುತ್ತದೆ, ಶಕ್ತಿಯೂ ಕಡಿಮೆ. 2021ರ ನೀತಿ ಆಯೋಗದ ವರದಿಯೇ ಇ10ಕ್ಕೆ ಹೊಂದಿಸಿದ ಹಳೆಯ ನಾಲ್ಕು ಚಕ್ರದ ಗಾಡಿಗಳಲ್ಲಿ ಶೇಕಡ 6-7ರಷ್ಟು ಇಂಧನ ದಕ್ಷತೆ ಇಳಿಯಬಹುದು ಅಂದಿತ್ತು. ಆದರೆ ನನ್ನ ಕಾರಿನಲ್ಲಿ ಇಳಿದದ್ದು ಕಾಲು ಭಾಗಕ್ಕಿಂತ ಹೆಚ್ಚು. ಇನ್ನೊಂದು ಮಾತು, ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಇ20ರಿಂದ ತೊಂದರೆಯಾದರೆ ಕಂಪ್ಯೂಟರು ಪೆಟ್ರೋಲ್ ಸಾಲದು ಅಂತ ಕೂಗಬೇಕು. ನನ್ನ ಕಾರು ಹೆಚ್ಚಾಯಿತು ಅಂತ ಕೂಗುತ್ತಿತ್ತು! ವ್ಯತ್ಯಾಸ ಡೆಬಿಟ್ ಕಡೆ ಇದೆಯೋ ಕ್ರೆಡಿಟ್ ಕಡೆ ಇದೆಯೋ ನೋಡದೆ ಬೈಯುವುದಾದರೆ ಯಾರನ್ನು ಬೇಕಾದರೂ ಬೈಯಬಹುದು.

ಸರಿ, ಜುಲೈ ತಿಂಗಳು. ಮಳೆ ಜಡಿಯುತ್ತಿತ್ತು. ಬೆಳಗಿನ ಜಾವ ಮೂರೂವರೆಗೆ ಆಯಿಗೆ ಉಸಿರು ಕಟ್ಟಿತು. ನಾನು ಮತ್ತು ಮಗ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗೆ ತಂದು ಕಾರಿನಲ್ಲಿ ಕೂರಿಸಿದೆವು. ಸೆಲ್ಫ್ ಹೊಡೆದೆ. ಘರ್‌ಘರ್. ಮತ್ತೆ ಹೊಡೆದೆ. ಮತ್ತೆ. ಆಯಿ ಪಕ್ಕದಲ್ಲಿ ಕೂತು ಬಾಯಿ ತೆರೆದು ಉಸಿರೆಳೆಯುತ್ತಿದ್ದಾಳೆ, ನಾನು ಕೀಲಿ ತಿರುಗಿಸುತ್ತಿದ್ದೇನೆ. ಬ್ಯಾಟರಿಯೂ ಸೋತು ಕೊನೆಗೆ ಕಟ್‌ಕಟ್ ಅಂತ ಮಾತ್ರ. 19,250 ರೂಪಾಯಿ ಸುರಿದ ಕಾರು. ಮಗ ಓಡಿ ಹೋಗಿ ಕೆಳಮನೆಯ ಮರಾಠಿ ಗೃಹಸ್ಥರನ್ನು ಎಬ್ಬಿಸಿದ, ಅವರು ಲುಂಗಿಯಲ್ಲೇ ಬಂದು ತಮ್ಮ ಕಾರು ತೆಗೆದರು. ದೇವರು ದೊಡ್ಡವನು, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಆಯಿ ಮನೆಗೆ ಬಂದಳು. ಬರುವಾಗ ಪಾರ್ಕಿಂಗ್‌ನಲ್ಲಿ ನಿಂತ ಕಾರನ್ನು ನೋಡಿ ಹೇಳಿದಳು: "ತಮಾ, ಇದಕ್ಕೂ ಯನ್ನ ಹಾಂಗೇ ವಯಸ್ಸಾತು ಕಾಣ್ತು."

ಅಡ್ವೈಸರ್ ಹೇಳಿದಾಗ ನನಗೆ ಸಿಟ್ಟು ಬಂದಿತ್ತು. ಆಯಿ ಹೇಳಿದಾಗ ಬೇರೇನೋ ಆಯಿತು. ಆಸ್ಪತ್ರೆಯಲ್ಲಿ ಯಾವ ಡಾಕ್ಟರೂ "ವಯಸ್ಸಾಯಿತು" ಅಂತ ಹೇಳಿ ಕೈತೊಳೆದುಕೊಳ್ಳಲಿಲ್ಲ. ರಕ್ತ ತೆಗೆದರು, ಇಸಿಜಿ ಮಾಡಿದರು, ಶ್ವಾಸಕೋಶದಲ್ಲಿ ನೀರಿದೆ ಅಂತ ಕಂಡುಹಿಡಿದು, ಅದಕ್ಕೆ ಬೇಕಾದ ಔಷಧಿ ಕೊಟ್ಟರು. ವಯಸ್ಸು ಕಾಯಿಲೆಯ ಹೆಸರಲ್ಲ.

ಆಗಸ್ಟಿನಲ್ಲಿ ನಾನು ರೈಲ್ವೇ ಹಳಿಯ ಆ ಕಡೆಯ ಗಲ್ಲಿಯ ಮಿಸ್ತ್ರಿಯ ಹತ್ತಿರ ಹೋದೆ. ತಗಡಿನ ಶೆಡ್ಡು, ಅರವತ್ತೈದು ವರ್ಷದ ಮನುಷ್ಯ, ಕಾರ್ಬ್ಯುರೇಟರ್ ಕಾಲದವರು. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾಗಿ, ಮಾರುತಿ 800 ಕೂಡ ಎಂಪಿಎಫ್‌ಐಗೆ ಬಂದಾಗ ಅವರ ಜೊತೆಗಾರರು ಅನೇಕರು ಕೈಚೆಲ್ಲಿದರಂತೆ. ಇವರು ಮಾತ್ರ ನಡು ಹರೆಯದಲ್ಲಿ ಕೂತು ಹೊಸದನ್ನು ಕಲಿತರು.

ಅವರು ಬಾನೆಟ್ ತೆರೆಯುವ ಮೊದಲು ಕಾಲು ಗಂಟೆ ಪ್ರಶ್ನೆ ಕೇಳಿದರು. ತಣ್ಣಗಿದ್ದಾಗಲೋ ಬಿಸಿಯಲ್ಲೋ? ನಿಂತಾಗಲೋ ಓಡುವಾಗಲೋ? ಆವರೇಜ್ ಎಷ್ಟು ಇಳಿಯಿತು? ಪಿಯುಸಿ ಚೀಟಿ ಇದೆಯೇ? ಹೈವೇಯಲ್ಲಿ ಸರಿ, ಸಿಗ್ನಲ್‌ನಲ್ಲಿ ನಡುಕ ಅಂದಾಗ ತಲೆ ಆಡಿಸಿದರು. ಪಿಯುಸಿ ಚೀಟಿ ನೋಡಿ ನಕ್ಕರು. ಬಿಎಸ್4 ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇಕಡ 0.3. ನನ್ನದು ಏಪ್ರಿಲ್‌ನಲ್ಲಿ ಅದರ ನಾಲ್ಕು ಪಟ್ಟು ಬಂದು ಫೇಲಾಗಿತ್ತು, ಒಂದು ಹೊಸ ಪ್ಲಗ್ ಸೆಟ್ ಹಾಕಿದ ಮೇಲೆ ಹೇಗೋ ಪಾಸಾಗಿತ್ತು. ರೋಗದ ವರದಿ ನಾಲ್ಕು ತಿಂಗಳಿನಿಂದ ನನ್ನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಮಡಚಿ ಕೂತಿತ್ತು!

ಆಮೇಲೆ ಅವರೂ ಸ್ಕ್ಯಾನರ್ ಹಾಕಿದರು. ಆದರೆ ಕೋಡ್ ನೋಡಿ ನಿಲ್ಲಿಸಲಿಲ್ಲ, ಅದರ ಒಳಗಿನ ಅಂಕಿಗಳನ್ನು ತೆರೆದರು. ಇಂಥ ಕಾರುಗಳಲ್ಲಿ ಎಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಅಂತ ನೇರವಾಗಿ ಅಳೆಯುವುದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗಿನ ಒತ್ತಡವನ್ನು ಮ್ಯಾಪ್ ಸೆನ್ಸರ್ ಅಳೆಯುತ್ತದೆ. ಒತ್ತಡ, ಗಾಳಿಯ ಉಷ್ಣತೆ, ಎಂಜಿನ್ ವೇಗ ಇಷ್ಟನ್ನು ಸೇರಿಸಿ ಕಂಪ್ಯೂಟರು ಗಾಳಿಯ ಲೆಕ್ಕ ಹಾಕಿ ಪೆಟ್ರೋಲ್ ಬಿಡುತ್ತದೆ. ಎಂಜಿನ್ ನಿಂತಿದ್ದಾಗ ಮ್ಯಾಪ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು, ಸಮುದ್ರದಂಚಿನ ಮುಂಬೈಯಲ್ಲಿ ಸುಮಾರು 100 ಕಿಲೋಪಾಸ್ಕಲ್. ಅಷ್ಟೇ ಇತ್ತು, ಸರಿ. ಸ್ಟಾರ್ಟ್ ಮಾಡಿ ಐಡಲಿಂಗ್‌ನಲ್ಲಿ ಬಿಟ್ಟರೆ, ಥ್ರಾಟಲ್ ಮುಚ್ಚಿರುವಾಗ ಎಂಜಿನ್ ಗಾಳಿಯನ್ನು ಹೀರುವುದರಿಂದ ಒತ್ತಡ 30-40ಕ್ಕೆ ಇಳಿಯಬೇಕು. ನನ್ನದು 58 ತೋರಿಸುತ್ತಿತ್ತು. ಪೆಟ್ರೋಲನ್ನು ಶೇಕಡ 20ರಷ್ಟು ಕಡಿಮೆ ಮಾಡಿ ನೋಡುತ್ತಿದ್ದೇನೆ, ಆದರೂ ಸಾಲದು ಅಂತ ಕಂಪ್ಯೂಟರು ಬೇರೆ ಹೇಳುತ್ತಿತ್ತು.

ಇಲ್ಲಿ ಅವಸರದ ಮನುಷ್ಯನಾಗಿದ್ದರೆ "ಮ್ಯಾಪ್ ಸೆನ್ಸರ್ ಹೋಗಿದೆ" ಅಂತ ಇನ್ನೊಂದು ಬಿಲ್ ಬರೆಯುತ್ತಿದ್ದ. ಮಿಸ್ತ್ರಿ ಹೇಳಿದರು, "ಸಾಬ್, ಏಕ್ ಆದ್ಮೀ ಕೀ ಬಾತ್ ಪೇ ಫೈಸಲಾ ನಹೀ ಕರ್ತೇ." ಒಬ್ಬನ ಮಾತು ಕೇಳಿ ತೀರ್ಮಾನ ಮಾಡಬಾರದು! ಮ್ಯಾನಿಫೋಲ್ಡಿಗೆ ಬೇರೆ ದಾರಿಯಿಂದ ಒಂದು ವ್ಯಾಕ್ಯೂಮ್ ಗೇಜ್ ಸಿಕ್ಕಿಸಿದರು. ಮುಳ್ಳು 18 ಇಂಚಿನ ಹತ್ತಿರ ಅಲುಗಾಡದೆ ನಿಂತಿತು. ಅಂದರೆ ಒಳಗಿನ ಒತ್ತಡ ನಿಜವಾಗಿ 40ರ ಸುತ್ತಮುತ್ತ, ಎಂಜಿನ್ ಗಟ್ಟಿಮುಟ್ಟಾಗಿದೆ. ಗೇಜ್ 40 ಅನ್ನುತ್ತದೆ, ಸೆನ್ಸರ್ 58 ಅನ್ನುತ್ತದೆ. ಒಂದೇ ಖಾತೆ, ಎರಡು ಬ್ಯಾಲೆನ್ಸ್. ನನ್ನ ಕಿವಿ ನೆಟ್ಟಗಾಯಿತು. ಇದು ನಮ್ಮ ರಿಕನ್ಸಿಲಿಯೇಷನ್ ಅಲ್ಲವೇ! ಕ್ಯಾಶ್‌ಬುಕ್ಕು ಒಂದು ಹೇಳಿ ಪಾಸ್‌ಬುಕ್ಕು ಇನ್ನೊಂದು ಹೇಳಿದರೆ ನಡುವೆ ಎಲ್ಲೋ ಒಂದು ಚೆಕ್ಕು ಸಿಕ್ಕಿಕೊಂಡಿದೆ ಅಂತ ಅರ್ಥ.

ಸೆನ್ಸರನ್ನು ಬಿಚ್ಚಿ ಕೈಪಂಪಿನಿಂದ ನೇರವಾಗಿ ಗಾಳಿ ಎಳೆದು ನೋಡಿದರು. ಲೆಕ್ಕ ಸರಿ, ಸೆನ್ಸರ್ ನಿರಪರಾಧಿ. ಹಾಗಾದರೆ ಉಳಿದದ್ದು ಮ್ಯಾನಿಫೋಲ್ಡಿನಿಂದ ಸೆನ್ಸರಿಗೆ ಹೋಗುವ ಕಿರುಬೆರಳಿಗಿಂತ ತೆಳ್ಳಗಿನ ರಬ್ಬರ್ ನಳಿಗೆ. ಹದಿನಾಲ್ಕು ವರ್ಷ ಎಂಜಿನ್ನಿನ ಬಿಸಿಗೆ ಬೆಂದು ಗಟ್ಟಿಯಾಗಿ, ತಿರುವಿನ ಕೆಳಭಾಗದಲ್ಲಿ ಬಿರಿದಿತ್ತು. ಬಿರುಕಿನಿಂದ ಹೊರಗಿನ ಗಾಳಿ ನುಸುಳಿ, ಸೆನ್ಸರಿಗೆ ಒತ್ತಡ ಹೆಚ್ಚು ಕಾಣುತ್ತಿತ್ತು. ಕಂಪ್ಯೂಟರು ಪಾಪ, ಸಾಹೇಬರು ಆಕ್ಸಲರೇಟರ್ ಒತ್ತಿದ್ದಾರೆ ಅಂತ ತಿಳಿದು ಪೆಟ್ರೋಲ್ ಸುರಿಯುತ್ತಿತ್ತು. ಹೈವೇಯಲ್ಲಿ ಥ್ರಾಟಲ್ ತೆರೆದಿರುವಾಗ ಒಳಗಿನ ಒತ್ತಡವೂ ಹೊರಗಿನದರ ಹತ್ತಿರಕ್ಕೆ ಬರುತ್ತದೆ, ಸುಳ್ಳು ಸಣ್ಣದಾಗುತ್ತದೆ, ಕಾರು ಬೆಣ್ಣೆಯಂತೆ ಓಡುತ್ತದೆ. ಬೆಳಿಗ್ಗೆ ಆಕ್ಸಿಜನ್ ಸೆನ್ಸರ್ ಬಿಸಿಯಾಗಿ ಕೆಲಸ ಶುರುಮಾಡುವ ತನಕ ತಿದ್ದುವವರೂ ಯಾರೂ ಇಲ್ಲ, ಆಗ ಅತಿ ಕೆಟ್ಟದ್ದು. ಎಲ್ಲವೂ ತಾಳೆಯಾಯಿತು. ಒಂದು ಎಂಟ್ರಿ ಕೂಡ ಉಳಿಯಲಿಲ್ಲ.

ನಳಿಗೆಯ ಬೆಲೆ 60 ರೂಪಾಯಿ. ಹೊಸದು ಹಾಕಿ, ಪ್ಲಗ್ಗಿನ ಮಸಿ ತೆಗೆದು ಸ್ಟಾರ್ಟ್ ಮಾಡಿದರೆ ಮ್ಯಾಪ್ 39ಕ್ಕೆ ಇಳಿಯಿತು. ನಡುಕ ಮಾಯ. ನೋಡಿದ್ದಕ್ಕೆ 1,000 ರೂಪಾಯಿ ಕೇಳಿದರು. ಕೊಟ್ಟೆ.

ಈಗ ನನ್ನ ತಪ್ಪೊಪ್ಪಿಗೆ. ಮಾರ್ಚ್ ತಿಂಗಳಿನಲ್ಲಿ, ಮೊದಲ ಗ್ಯಾರೇಜಿಗೆ ಹೋಗುವ ಮುನ್ನ, ನಾನು ಇದೇ ಮಿಸ್ತ್ರಿಯ ಹತ್ತಿರ ಹೋಗಿದ್ದೆ. "ಕಾರು ಬಿಟ್ಟು ಹೋಗಿ, ಬೆಳಿಗ್ಗೆ ತಣ್ಣಗಿದ್ದಾಗ ನೋಡಬೇಕು. ನೋಡಲಿಕ್ಕೆ 1,000 ಆಗುತ್ತದೆ, ಸಿಗಲಿ ಸಿಗದಿರಲಿ" ಅಂದಿದ್ದರು. ನಾನು ನಕ್ಕೆ. ಬರೀ ನೋಡಲಿಕ್ಕೆ ಸಾವಿರ ರೂಪಾಯಿಯೇ? ಆ ಕಡೆ ಗ್ಯಾರೇಜಿನಲ್ಲಿ ಚೆಕಪ್ ಫ್ರೀ ಅಂತ ಬೋರ್ಡ್ ಇದೆ! ಫ್ರೀ ಚೆಕಪ್ಪಿಗೆ ನಾನು ಕೊಟ್ಟ ಬೆಲೆ 19,250, ಮತ್ತೆ ಜುಲೈ ತಿಂಗಳಿನ ಆ ಮೂರೂವರೆ ಗಂಟೆ.

ಇದನ್ನು ಬರೆಯಲಿಕ್ಕೆ ನಾಚಿಕೆಯಾಗುತ್ತದೆ. ಯಾಕೆಂದರೆ ನಮ್ಮ ಬ್ಯಾಂಕಿನಲ್ಲಿ ಸಾಲದ ಅರ್ಜಿ ಬಂದರೆ ಪರಿಶೀಲನೆಗೆ ಅಂತ ಪ್ರೊಸೆಸಿಂಗ್ ಫೀ ತೆಗೆದುಕೊಳ್ಳುತ್ತೇವೆ. ಆಸ್ತಿ ನೋಡಲು ವ್ಯಾಲ್ಯುಯರ್, ಕಾಗದ ನೋಡಲು ವಕೀಲರು, ಎಲ್ಲರಿಗೂ ಫೀಸು. ಸಾಲ ಸಿಕ್ಕಲಿ ಬಿಡಲಿ. ಯೋಚನೆ ಮಾಡುವುದು ಕೂಡ ಕೆಲಸ ಅಂತ ನನ್ನ ನೌಕರಿಯಲ್ಲಿ ಒಪ್ಪಿಕೊಂಡು, ಎಣ್ಣೆ ಮೆತ್ತಿದ ಕೈಯ ಮನುಷ್ಯನ ಯೋಚನೆಗೆ ಮಾತ್ರ ದುಡ್ಡು ಯಾಕೆ ಅಂತ ಕೇಳಿದವನು ನಾನೇ. ನಾವು ಸಾಮಾನಿಗೆ ದುಡ್ಡು ಕೊಡುತ್ತೇವೆ, ಬುದ್ಧಿಗೆ ಕೊಡುವುದಿಲ್ಲ. ಹಾಗಾಗಿ ಗ್ಯಾರೇಜುಗಳು ಸಾಮಾನು ಮಾರುತ್ತವೆ. ಮೊದಲ ಗ್ಯಾರೇಜಿನ ಹುಡುಗ ದುಷ್ಟನಲ್ಲ. ಅವನಿಗೆ ಪಾರ್ಟಿನ ಮೇಲೆ ಕಮಿಷನ್ ಉಂಟು, ಹುಡುಕುವುದಕ್ಕೆ ಒಂದು ಪೈಸೆ ಇಲ್ಲ. "ಸಂಜೆಯೊಳಗೆ ಕೊಡು" ಅಂತ ತಲೆಯ ಮೇಲೆ ಕೂತವರು ನನ್ನಂಥವರು. ಮಿಸ್ತ್ರಿಯ ಮಗ ಈ ಕೆಲಸಕ್ಕೆ ಬರಲಿಲ್ಲ, ಆ್ಯಪ್ ಕಂಪನಿಯಲ್ಲಿ ಡೆಲಿವರಿ ಮಾಡುತ್ತಾನೆ. ಆ ಶೆಡ್ ಇನ್ನೆಷ್ಟು ದಿನ ಇರುತ್ತದೋ. ಅದು ಮುಚ್ಚಿದ ದಿನ, ಈ ಗೇಜು ಹಿಡಿದು ಎರಡು ಬ್ಯಾಲೆನ್ಸ್ ತಾಳೆ ನೋಡುವ ವಿದ್ಯೆಯೂ ಆ ಗಲ್ಲಿಯಿಂದ ಹೋಗುತ್ತದೆ.

ಸರಕಾರದ್ದೂ ಇದೇ ಧಾಟಿ. ದೆಹಲಿಯ ಕನ್ನಡಿಗ ಮಿತ್ರರಿಗೆ ಗೊತ್ತು, 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟು ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ಮೀರಿದ ಪೆಟ್ರೋಲ್ ಗಾಡಿ ರಾಜಧಾನಿ ಪ್ರದೇಶದಲ್ಲಿ ಓಡಬಾರದು ಅಂದವು. 2025ರಲ್ಲಿ ಕೋರ್ಟೇ ಒಂದಿಷ್ಟು ಸಡಿಲಿಕೆ ಕೊಟ್ಟಿತು. ಅಲ್ಲಿನ ಗಾಳಿ ಕೆಟ್ಟದ್ದು ನಿಜ, ಏನಾದರೂ ಮಾಡಲೇಬೇಕು. ಆದರೆ ನಳಿಗೆ ಬಿರಿದ ನಾಲ್ಕು ವರ್ಷದ ಕಾರು ನನ್ನ ರಿಪೇರಿಯಾದ ಹದಿನಾಲ್ಕರ ಕಾರಿಗಿಂತ ಹೆಚ್ಚು ವಿಷ ಉಗುಳಬಹುದು. ಹುಟ್ಟಿದ ತಾರೀಖು ನೋಡುವುದು ಸುಲಭ, ಹೊಗೆ ನೋಡುವುದು ಕಷ್ಟ. ಅಡ್ವೈಸರಿಗೂ ಸುಲಭದ್ದೇ ಇಷ್ಟ, ಆಡಳಿತಕ್ಕೂ.

ಬರೀ ಬೈದರೆ ಸಾಲದು, ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ನಿಮ್ಮ ಹಳೆ ಕಾರು ಹೀಗೆ ಕೈಕೊಟ್ಟರೆ ಪಾಕೀಟು ತೆಗೆಯುವ ಮುನ್ನ ಇಷ್ಟು ಮಾಡಿ:

1. ಯಾವಾಗ ಕಾಡುತ್ತದೆ ಅಂತ ವಾರ ಬರೆದಿಡಿ. ನಿಂತಾಗ ಮಾತ್ರ ನಡುಗಿದರೆ ಗಾಳಿಯ ಸೋರಿಕೆ, ಮಸಿ ಹಿಡಿದ ಥ್ರಾಟಲ್, ಐಡಲ್ ವಾಲ್ವ್ ಕಡೆ ನೋಡಬೇಕು. ಎಳೆಯುವಾಗ, ಏರು ಹತ್ತುವಾಗ ಮುಗ್ಗರಿಸಿದರೆ ಪೆಟ್ರೋಲ್ ಸಾಲದು ಅಥವಾ ಇಗ್ನಿಷನ್ ಕಾಯಿಲ್ ಸೋತಿದೆ. ಬಿಸಿಯಾದ ಮೇಲೆ ತಟ್ಟನೆ ನಿಂತು, ತಣಿದ ಮೇಲೆ ಹತ್ತಿದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಮೊದಲ ಅನುಮಾನ.

2. ಬ್ಯಾಟರಿಯ ಅಂಕಿ ಕೇಳಿ. ರಾತ್ರಿ ನಿಂತ ಮೇಲೆ 12.6 ವೋಲ್ಟ್ ಆಸುಪಾಸು, ಎಂಜಿನ್ ಓಡುವಾಗ 14ರ ಹತ್ತಿರ. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಉಳಿದ ಯಾವ ತಪಾಸಣೆಯನ್ನೂ ನಂಬಬೇಡಿ, ಮೊದಲು ಅದನ್ನು ಸರಿಮಾಡಿಸಿ.

3. ಬೆಳಿಗ್ಗೆ ಮಾತ್ರ ಹತ್ತದಿದ್ದರೆ ಕೀಲಿಯನ್ನು ಆನ್ ಮಾಡಿ ಎರಡು ಸೆಕೆಂಡ್ ಬಿಟ್ಟು ಆಫ್ ಮಾಡಿ. ಹೀಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ತಟ್ಟನೆ ಹತ್ತಿದರೆ ರಾತ್ರಿ ಪೆಟ್ರೋಲಿನ ಒತ್ತಡ ಸೋರುತ್ತಿದೆ, ಪಂಪಿನ ವಾಲ್ವ್ ಅಥವಾ ಇಂಜೆಕ್ಟರ್ ನೋಡಬೇಕು. ಏನೂ ವ್ಯತ್ಯಾಸವಾಗದಿದ್ದರೆ, ಗೇಜ್ ಹಾಕಿ ಒತ್ತಡ ತೋರಿಸದೆ ಪಂಪ್ ಬದಲಿಸಲು ಬಿಡಬೇಡಿ. ನನ್ನ ಹಳೆ ಪಂಪ್ ಮನೆಯಲ್ಲೇ ಇದೆ, ಅದಕ್ಕೆ ಯಾರೂ ಗೇಜ್ ಹಾಕಿರಲಿಲ್ಲ.

4. ರಾತ್ರಿಯಿಡೀ ನಿಂತ ಕಾರಿಗೆ ಸ್ಟಾರ್ಟ್ ಮಾಡುವ ಮೊದಲು ಸ್ಕ್ಯಾನರ್ ಹಾಕಿಸಿ. ಕೂಲಂಟಿನ ಉಷ್ಣತೆ, ಒಳಹೋಗುವ ಗಾಳಿಯ ಉಷ್ಣತೆ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 28, ಇನ್ನೊಂದು 70 ತೋರಿಸಿದರೆ ಒಬ್ಬ ಸುಳ್ಳು ಹೇಳುತ್ತಿದ್ದಾನೆ. ಕೂಲಂಟ್ ಸೆನ್ಸರಿನ ಸುಳ್ಳಿಗೆ ಕೋಡ್ ಬರಲೇಬೇಕೆಂದಿಲ್ಲ, ಕಾರು ಮಾತ್ರ ಹತ್ತುವುದಿಲ್ಲ.

5. ಯಾವ ಸಾಮಾನು ಬದಲಿಸಬೇಕು ಅಂದರೂ ಒಂದೇ ಪ್ರಶ್ನೆ ಕೇಳಿ: "ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು?" ಉತ್ತರ ಬಂದರೆ ದುಡ್ಡು ಕೊಡಿ. ಹಳೆ ಸಾಮಾನು ವಾಪಸ್ ಕೇಳಿ.

ಮತ್ತೆ, ಯಾರಾದರೂ ನೋಡಲಿಕ್ಕೆ ಇಷ್ಟಾಗುತ್ತದೆ ಅಂದರೆ ನನ್ನ ಹಾಗೆ ನಗಬೇಡಿ.

ಹಳೆಯದನ್ನೆಲ್ಲ ಕಟ್ಟಿಕೊಂಡು ಕೂರಿ ಅಂತ ನಾನು ಹೇಳುತ್ತಿಲ್ಲ. ಷಾಸಿ ತುಕ್ಕು ಹಿಡಿದು, ಕಂಪ್ರೆಷನ್ ಹೋದ ಕಾರನ್ನು ಬಿಡಲೇಬೇಕು. ಆದರೆ ಅದನ್ನೂ ಅಳೆದು ಹೇಳಿ ಸ್ವಾಮಿ, ಆರ್‌ಸಿ ಬುಕ್ಕು ನೋಡಿ ಹೇಳಬೇಡಿ.

ದೀಪಾವಳಿಗೆ ಊರಿಗೆ ಹೋಗಿ ಬಂದೆವು. ಆಯಿ ಮುಂದಿನ ಸೀಟಿನಲ್ಲಿ. ಲೀಟರಿಗೆ 15ಕ್ಕೆ ಸ್ವಲ್ಪ ಕಡಿಮೆ ಬಂತು, ಆ ಕೊರತೆ ಎಥನಾಲಿನದ್ದು, ಅದನ್ನು ಅವರ ಖಾತೆಗೇ ಹಾಕೋಣ. 2026ರ ಜನವರಿಯಲ್ಲಿ ಹದಿನೈದು ತುಂಬಿತು. ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿದೆ, ಮೇಲೆ ಪರಿಸರ ತೆರಿಗೆ ಬೇರೆ. ಕಟ್ಟಿದೆ. ಹೊಗೆ ಪರೀಕ್ಷೆಯಲ್ಲಿ ಕಾರು ಮೊದಲ ಸಲಕ್ಕೇ ಪಾಸು.

ಎರಡನೇ ವರ್ಕ್‌ಶಾಪಿನಿಂದ ಈಗಲೂ ತಿಂಗಳಿಗೊಮ್ಮೆ ಫೋನ್ ಬರುತ್ತದೆ. "ಸಾರ್, ನಿಮ್ಮ ಹಳೆ ಕಾರಿಗೆ ಒಳ್ಳೆ ಎಕ್ಸ್‌ಚೇಂಜ್ ಆಫರ್ ಇದೆ." ಕಾರಿಗೆ ಏನಾಗಿತ್ತು ಅಂತ ಒಮ್ಮೆಯೂ ಕೇಳಿಲ್ಲ.